ತಾತನಿಗೆ ಒಂಬತ್ತು ಕೋಳಿ

ಸುಪಿನ್ ಕೋಳಿ ಸುಡುತ್ತಾಳೆ, ಮಾಲಿವನ್ ಪರಂಗಿಕಾಯಿ ಕುಟ್ಟುತ್ತಾಳೆ. ತಾಲೂಕು ಕಚೇರಿಯ ಎದುರು, ಮಳೆಮರದ ಕೆಳಗೆ ಹದಿನಾಲ್ಕು ವರ್ಷದಿಂದ ಇದು ಹೀಗೇ ನಡೆದಿದೆ. ತಗಡಿನ ಚಪ್ಪರ ಒಂದೇ, ನೀರಿನ ಡ್ರಮ್ಮು ಒಂದೇ, ಗಿರಾಕಿಗಳಿಗೆ ಬೈಯುವ ಬಾಯಿ ಮಾತ್ರ ಎರಡು. ಅಂಗಡಿ ಯಾರದು ಎಂದು ಕೇಳಿದರೆ ಊರಿನವರು ‘ಅವರಿಬ್ಬರದು’ ಅನ್ನುತ್ತಾರೆ, ಹೆಸರು ಹೇಳುವ ಗೋಜಿಗೆ ಹೋಗುವುದಿಲ್ಲ.

ಕೋಳಿ ಸುಡುವುದೆಂದರೆ ಕೆಂಡದ ಮೇಲೆ ಬಿಸಾಕಿ ಬರುವುದಲ್ಲ. ನಾಟಿಕೋಳಿಯನ್ನು ಸೀಳಿ ಅಗಲ ಮಾಡಬೇಕು. ಬೆಳ್ಳುಳ್ಳಿ, ಕೊತ್ತಂಬರಿ ಬೇರು, ಬಿಳಿ ಮೆಣಸು ಜಜ್ಜಿ, ಮೀನು ಹುದುಗಿಸಿದ ಉಪ್ಪು ರಸ ಬೆರೆಸಿ ಹಿಂದಿನ ದಿನವೇ ಸವರಿಡಬೇಕು. ಬೆಳಿಗ್ಗೆ ಹಸಿ ಬಿದಿರಿನ ಸೀಳಿನ ನಡುವೆ ಸಿಕ್ಕಿಸಿ, ತುದಿ ಕಟ್ಟಿ, ಬೂದಿ ಕವಿದ ಕೆಂಡದ ಮೇಲೆ ಒಂದು ಗಂಟೆ ತಿರುವುತ್ತ ನಿಲ್ಲಬೇಕು. ಉರಿ ಎದ್ದರೆ ಮುಗಿಯಿತು, ಹೊರಗೆ ಕರಕಲು, ಒಳಗೆ ಹಸಿ. ಅವಸರದವರು ಸುಟ್ಟ ಕೋಳಿ ತಿನ್ನುವವರನ್ನು ದೇವರೇ ಕಾಪಾಡಬೇಕು. ಸುಪಿನ್ ಸುಟ್ಟ ಕೋಳಿಯ ಚರ್ಮ ಹಲ್ಲಿಗೆ ಸಿಕ್ಕರೆ ಕರುಂ ಎನ್ನುತ್ತದೆ, ಅದರ ಕೆಳಗಿನ ಕೊಬ್ಬು ಕರಗಿ ಮಾಂಸಕ್ಕೆ ಇಳಿದಿರುತ್ತದೆ. ಒಂದು ಉಂಡೆ ಅಂಟಕ್ಕಿ ಅನ್ನ, ಹುರಿದ ಮೆಣಸಿನಪುಡಿಯ ಹುಳಿಚಟ್ನಿಯಲ್ಲಿ ಅದ್ದಿದ ಕೋಳಿ, ಪಕ್ಕದಲ್ಲಿ ಮಾಲಿವನ್ ಹಸಿ ಪರಂಗಿಕಾಯಿ ಕುಟ್ಟಿ ಮಾಡಿದ ಸೋಮ್‌ತಮ್. ಕಚೇರಿಯ ಗುಮಾಸ್ತರು ಹನ್ನೊಂದು ಗಂಟೆಗೇ ಫೈಲು ಮುಚ್ಚುವುದು ಸುಮ್ಮನೆ ಅಲ್ಲ.

“ಮೆಣಸಿನಕಾಯಿ ಎಷ್ಟು?” ಎಂದು ಮಾಲಿವನ್ ಪ್ರತಿಯೊಬ್ಬರನ್ನೂ ಕೇಳುತ್ತಾಳೆ.

“ಎರಡು ಸಾಕಕ್ಕ.”

“ಎರಡಾ? ಯಾಕಪ್ಪಾ, ಮನೇಲಿ ಹಸುಗೂಸಿದೆಯಾ, ಅದಕ್ಕೆ ತಿನ್ನಿಸೋದಾ?”

ಸುತ್ತ ನಿಂತವರು ನಗುತ್ತಾರೆ. ಗುಮಾಸ್ತ ಮಾನ ಉಳಿಸಿಕೊಳ್ಳಲು “ಐದು ಹಾಕಿ” ಅನ್ನುತ್ತಾನೆ. ಆಮೇಲೆ ಕಣ್ಣು ಮೂಗು ಒರೆಸಿಕೊಳ್ಳುತ್ತ, ಹಾ ಹೂ ಎನ್ನುತ್ತ, ಬಟ್ಟಲು ಖಾಲಿ ಮಾಡಿಯೇ ಏಳುತ್ತಾನೆ.

ಇಬ್ಬರಿಗೂ ಒಬ್ಬೊಬ್ಬನೇ ಮಗ. ಸುಪಿನ್ ಮಗ ಎಕ್, ಮಾಲಿವನ್ ಮಗ ತೋಯ್. ಹುಟ್ಟಿದ್ದು ಒಂದೇ ವರ್ಷ, ಬೆಳೆದದ್ದು ಇದೇ ಮರದ ಕೆಳಗೆ ಕೋಳಿಮೂಳೆ ಚೀಪುತ್ತ. ಆ ವರ್ಷ ಇಬ್ಬರಿಗೂ ಇಪ್ಪತ್ತೊಂದು ತುಂಬಿತು. ಇಪ್ಪತ್ತೊಂದು ತುಂಬಿದ ಗಂಡುಮಕ್ಕಳು ಏಪ್ರಿಲ್ ತಿಂಗಳಲ್ಲಿ ಹೋಗಿ ಸೈನ್ಯದ ಚೀಟಿ ಎತ್ತಬೇಕು. ಕಪ್ಪು ಚೀಟಿ ಬಂದವನು ಮನೆಗೆ, ಕೆಂಪು ಬಂದವನು ಎರಡು ವರ್ಷ ಬ್ಯಾರಕ್ಕಿಗೆ. ಯಾರ ಕಾಲು ಹಿಡಿದರೂ ಪ್ರಯೋಜನವಿಲ್ಲ, ಕೈಗೆ ಬಂದದ್ದೇ ಹಣೆಬರಹ.

ಸುಪಿನ್ ಅಣ್ಣನ ಮಗ ನಾಲ್ಕು ವರ್ಷದ ಹಿಂದೆ ಕೆಂಪು ಎತ್ತಿ ದಕ್ಷಿಣದ ಗಡಿಗೆ ಹೋಗಿದ್ದ. ವಾಪಸು ಬಂದಾಗ ಎಡಗಾಲು ಮೊಣಕಾಲಿನವರೆಗೆ ಮಾತ್ರ ಇತ್ತು. ಈಗ ಹಗಲೆಲ್ಲ ಟೀವಿ ಮುಂದೆ ಕೂತಿರುತ್ತಾನೆ, ಯಾರಾದರೂ ಬಾಗಿಲು ಧಡ್ ಎಂದು ಹಾಕಿದರೆ ಕಿರುಚುತ್ತಾನೆ. ಸುಪಿನ್ ಅವನಿಗೆ ವಾರಕ್ಕೊಮ್ಮೆ ಕೋಳಿ ಕೊಂಡುಹೋಗುತ್ತಾಳೆ. ಅಲ್ಲಿಂದ ಬಂದ ರಾತ್ರಿ ಅವಳಿಗೆ ಊಟ ಸೇರುವುದಿಲ್ಲ. ಮಾರ್ಚ್ ಬರುತ್ತಲೇ ಅವಳು ಎಕ್‌ನ ಕಾಲುಗಳನ್ನೇ ನೋಡುತ್ತ ಕೂರತೊಡಗಿದಳು.

ಹರಕೆಯ ಮಾತು ಮೊದಲು ತೆಗೆದವಳು ಮಾಲಿವನ್. ಊರಾಚೆಯ ತೋಪಿನಲ್ಲಿ ಊರು ಕಾಯುವ ತಾತನ ಗುಡಿಯಿದೆ, ಮರದ ಕಂಬಗಳ ಮೇಲೆ ಕೂರಿಸಿದ ಪುಟ್ಟ ಮನೆ. ಮಳೆ ಬೇಕಾದರೂ ಅವನನ್ನೇ ಕೇಳಬೇಕು, ಕಳೆದುಹೋದ ಎಮ್ಮೆ ಬೇಕಾದರೂ ಅವನನ್ನೇ.

“ಒಂಬತ್ತು ಕೋಳಿ ಕೊಡ್ತೀವಿ ಅನ್ನೋಣ ಕಣೇ. ನೀನು ಸುಟ್ಟಿದ್ದು. ತಾತ ಬೇಡ ಅಂತಾನಾ? ನಾಲಿಗೆ ಚಪ್ಪರಿಸ್ಕೊಂಡು ಇಬ್ಬರಿಗೂ ಕಪ್ಪು ಚೀಟಿ ಕೊಡ್ತಾನೆ.”

ಇಬ್ಬರೂ ಕೂಡಿಯೇ ಹೋಗಬೇಕೆಂದಿತ್ತು. ಆದರೆ ಹೊರಟ ದಿನ ಬೆಳಿಗ್ಗೆ ಮಾಲಿವನ್ ತಾಯಿಗೆ ಉಸಿರು ಕಟ್ಟಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಅವಳು ಊದುಬತ್ತಿಯ ಕಟ್ಟು, ಮೇಣದಬತ್ತಿ ತಂದು ಸುಪಿನ್ ಕೈಗೆ ತುರುಕಿದಳು.

“ಇಬ್ಬರ ಹೆಸರೂ ಹೇಳು. ಅಡ್ಡಹೆಸರು ಹೇಳಿ ಬಂದುಬಿಟ್ಟೀಯ ಮತ್ತೆ! ಪೂರ್ತಿ ಹೆಸರು, ಮನೆತನ, ಮನೆ ನಂಬರು. ಊರಲ್ಲಿ ತೋಯ್ ಅನ್ನೋರು ಎಂಟು ಜನ ಇದಾರೆ, ಅದರಲ್ಲಿ ಒಂದು ನಾಯಿ. ತಾತ ಯಾರನ್ನ ಅಂತ ಹುಡುಕ್ತಾನೆ?”

“ಗೊತ್ತಕ್ಕ. ನನಗೇನು ಹೊಸದಾ?” ಎಂದಳು ಸುಪಿನ್. ಒಡಹುಟ್ಟಿದವರಲ್ಲದಿದ್ದರೂ ಮಾಲಿವನ್ ಅವಳಿಗೆ ಅಕ್ಕನೇ.

“ಹೇಳಿದ್ದನ್ನ ನೆನಪಿಟ್ಕೋ. ತೀರಿಸೋವಾಗ ಅದೇ ಬಾಯಿ ಅದೇ ಮಾತು ಹೇಳ್ಬೇಕು.”

ಸುಪಿನ್ ಮೋಟರ್ ಬೈಕಿನಲ್ಲಿ ಒಬ್ಬಳೇ ಹೋದಳು. ತೋಪಿನಲ್ಲಿ ನರಪಿಳ್ಳೆಯಿರಲಿಲ್ಲ. ಬತ್ತಿ ಹಚ್ಚಿ, ಮಂಡಿಯೂರಿ, ಕೈಮುಗಿದಳು. ಮನಸ್ಸು ಮಾತ್ರ ಬೇರೆ ಎಲ್ಲೋ ಓಡುತ್ತಿತ್ತು. ಆ ಹೋಬಳಿಯಿಂದ ನಲವತ್ತೊಂದು ಹುಡುಗರು, ಪೆಟ್ಟಿಗೆಯಲ್ಲಿ ಹನ್ನೆರಡು ಕೆಂಪು ಚೀಟಿ. ಹಿಂದಿನ ದಿನವಷ್ಟೇ ಗುಮಾಸ್ತನೊಬ್ಬ ಕೋಳಿಕಾಲು ಕಡಿಯುತ್ತ ಹೇಳಿದ್ದ. ಹನ್ನೆರಡು ಕೆಂಪು ಯಾರಿಗಾದರೂ ಹೋಗಲೇಬೇಕು. ಇಂದು ತಾನು, ನಾಳೆ ಇನ್ನೊಬ್ಬಳು, ನಲವತ್ತೊಂದು ತಾಯಂದಿರೂ ಇಲ್ಲಿಗೇ ಬರುತ್ತಾರೆ. ತಾತನಾದರೂ ಎಷ್ಟು ಜನರಿಗೆ ಕೊಟ್ಟಾನು? ಒಂಬತ್ತು ಕೋಳಿಗೆ ಇಬ್ಬರನ್ನು ಕೇಳಿದರೆ, ಒಬ್ಬನನ್ನು ಕೊಡುತ್ತೇನೆ ಎಂದುಬಿಟ್ಟರೆ? ಆ ಒಬ್ಬ ತೋಯ್ ಆಗಿಬಿಟ್ಟರೆ?

“ಎಕ್ಕಪೊನ್ ಬುನ್‌ಮಾತ್, ಮನೆ ನಂಬರು ಐವತ್ತೆರಡು, ನನ್ನ ಮಗ,” ಎಂದಳು. “ಅವನಿಗೆ ಕಪ್ಪು ಚೀಟಿ ಕೊಡು ತಾತ. ಒಂಬತ್ತು ಸುಟ್ಟ ಕೋಳಿ ತಂದು ಒಪ್ಪಿಸ್ತೀನಿ.”

ಇನ್ನೊಂದು ಹೆಸರಿಗೆ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು, ಮರೆವಿನ ಮಾತೇ ಇಲ್ಲ. ತೋಯ್ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಅವಳೇ. ಬಾಯಿ ಮುಚ್ಚಿದಳು, ನೆಲಕ್ಕೆ ಹಣೆ ಮುಟ್ಟಿಸಿ ಎದ್ದಳು. ಒಂದು ಉಸಿರೆಳೆಯುವಷ್ಟು ಹೊತ್ತಿನ ಕೆಲಸ. ಆ ಕೆಲಸಕ್ಕೆ ಏನು ಹೆಸರಿಡುತ್ತೀರೋ ಇಡಿ, ಅವಳೇ ತನಗೆ ಬೇಕಾದಷ್ಟು ಇಟ್ಟುಕೊಂಡಿದ್ದಾಳೆ.

ನಾಳೆ ಬಂದು ಹೇಳಿದರಾಯಿತು, ಬೇರೆ ಒಂಬತ್ತು ಕೋಳಿ ಹೊತ್ತರಾಯಿತು ಎಂದುಕೊಂಡೇ ಮನೆಗೆ ಬಂದಳು. ಮರುದಿನ ಕೋಳಿ ತರುವವನು ತಡವಾಗಿ ಬಂದ, ಅದರ ಮರುದಿನ ಇದ್ದಿಲು ತೀರಿತು. ಹೋಗಬೇಕಾದವರಿಗೆ ದಾರಿ ಸಿಗುತ್ತದೆ. ಅವಳಿಗೆ ಸಿಗಲಿಲ್ಲ.

ಚೀಟಿಗೆ ಎರಡು ದಿನ ಇರುವಾಗ ಮಧ್ಯಾಹ್ನ ತೋಯ್ ಅಂಗಡಿಗೆ ಬಂದ. ಬೈಕ್ ರಿಪೇರಿ ಅಂಗಡಿಯಲ್ಲಿ ಕೆಲಸ, ಕೈಯೆಲ್ಲ ಆಯಿಲು. ತೊಳೆದು ಬಂದು ಕೂತ. ಸುಪಿನ್ ಅವನಿಗೆ ಯಾವಾಗಲೂ ಕೊಡುವಂತೆ ತೊಡೆಯ ತುಂಡು ಕೊಟ್ಟಳು. ಅವನು ಅನ್ನದ ಉಂಡೆ ಮಾಡುತ್ತ ತಾಯಿಯನ್ನು ಕರೆದ.

“ಅಮ್ಮಾ, ಒಂದು ಮಾತು. ಚೀಟಿ ಎತ್ತೋಕೆ ಮುಂಚೆ ನಾನೇ ಸೇರ್ತೀನಿ ಅಂತ ಕೈ ಎತ್ತಿದ್ರೆ ಒಂದೇ ವರ್ಷವಂತೆ. ಎತ್ತಿ ಕೆಂಪು ಬಂದ್ರೆ ಎರಡು. ಮೆಕ್ಯಾನಿಕ್ ಅಣ್ಣ ಒಂದು ವರ್ಷ ಆದ್ರೆ ಕೆಲಸ ಹಿಡಿದಿಡ್ತೀನಿ ಅಂದ. ಎರಡು ವರ್ಷ ಆದ್ರೆ ಆಗಲ್ಲವಂತೆ.”

“ಏನು ಬಂದಿದೆಯೋ ನಿನಗೆ? ಕಪ್ಪು ಚೀಟಿ ಬರೋವಾಗ ಇವನು ಹೋಗಿ ತಲೆ ಕೊಡ್ತಾನಂತೆ!” ಮಾಲಿವನ್ ಸೌಟು ತೋರಿಸಿದಳು. “ಚಿಕ್ಕಮ್ಮ ತಾತನ ಹತ್ರ ಹೇಳಿ ಬಂದಿದಾಳೆ. ಅಲ್ವೇನೇ? ಹೇಳಿದೀಯ ತಾನೇ?”

ಸುಪಿನ್ ಒಂದು ಕೋಳಿ ತಿರುವಿದಳು. ಇನ್ನೊಂದು ತಿರುವಿದಳು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಎದ್ದಿತು.

“ಹೇಳಿದೀನಿ,” ಎಂದಳು.

“ನೀವೇನಂತೀರಿ ಚಿಕ್ಕಮ್ಮ?” ತೋಯ್ ಅವಳನ್ನೇ ನೋಡುತ್ತಿದ್ದ. ಗಲ್ಲಕ್ಕೆ ಚಟ್ನಿ ಮೆತ್ತಿಕೊಂಡಿತ್ತು.

ಆಗಲಾದರೂ ಹೇಳಬಹುದಿತ್ತು. ಒಂದು ವರ್ಷ ಹೋಗಿ ಬಾ ಮಗನೇ, ಹರಕೆ ನಂಬಬೇಡ ಅಂದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಹಾಗೆ ಹೇಳಿದರೆ ಮಾಲಿವನ್ ಯಾಕೆ ಎಂದು ಕೇಳುತ್ತಾಳೆ.

“ಅಮ್ಮ ಹೇಳಿದ ಹಾಗೆ ಕೇಳಪ್ಪ,” ಎಂದಳು ಸುಪಿನ್.

ತೋಯ್ ಭುಜ ಕುಣಿಸಿ ಇನ್ನೊಂದು ಉಂಡೆ ಅನ್ನ ಅದ್ದಿಕೊಂಡ. ಆ ದಿನ ಅವನು ಹೊಟ್ಟೆತುಂಬ ತಿಂದು ಹೋದ.

ಚೀಟಿ ಎತ್ತುವ ದಿನ ಸರಕಾರಿ ಶಾಲೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗರು ಅಂಗಿ ಬಿಚ್ಚಿ ಸಾಲಾಗಿ ನೆಲದಲ್ಲಿ ಕೂತಿದ್ದರು. ಕಿಟಕಿಗಳಿಗೆ ತಾಯಂದಿರು, ಅಜ್ಜಿಯರು, ಪ್ರೇಯಸಿಯರು ಜೋತುಬಿದ್ದಿದ್ದರು. ಹೊರಗೆ ಐಸ್ ನೀರು, ಹುರಿದ ಹಂದಿ, ಸಾಸೇಜು ಮಾರುವವರ ಕೂಗಾಟ. ಬೇರೆ ದಿನವಾಗಿದ್ದರೆ ಇವರಿಬ್ಬರೂ ಅಲ್ಲೇ ಒಲೆ ಹೂಡಿರುತ್ತಿದ್ದರು. ಅವತ್ತು ಒಂದೇ ಕಿಟಕಿಯ ಸರಳು ಹಿಡಿದು, ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು. ಮಾಲಿವನ್ ಅಂಗೈ ಬೆವರಿನಿಂದ ಜಾರುತ್ತಿತ್ತು.

ಹದಿನೇಳನೆಯವನು ಎಕ್. ಪೆಟ್ಟಿಗೆಗೆ ಕೈ ಹಾಕುವ ಮುಂಚೆ ಕಣ್ಣು ಮುಚ್ಚಿದ. ಅಧಿಕಾರಿ ಚೀಟಿ ಬಿಚ್ಚಿ ಮೈಕಿನಲ್ಲಿ “ಕಪ್ಪು!” ಎಂದ. ಎಕ್ ಅಲ್ಲೇ ಕುಸಿದು ಕೂತು ಅಳತೊಡಗಿದ. ಸುಪಿನ್‌ಗಿಂತ ಮೊದಲು ಕೂಗಿದವಳು ಮಾಲಿವನ್. ಅವಳನ್ನು ತಬ್ಬಿಕೊಂಡು, ಎತ್ತಿ ಕುಣಿಸಿ, ಪಕ್ಕದವರಿಗೆಲ್ಲ “ನಮ್ಮ ಹುಡುಗ, ನಮ್ಮ ಹುಡುಗ” ಎಂದಳು. ಸುಪಿನ್‌ಗೆ ಸಂತೋಷವಾಯಿತು. ಸುಳ್ಳು ಯಾಕೆ, ಮೈಯೆಲ್ಲ ಹಗುರಾಗಿ ನಗು ಅಳು ಎರಡೂ ಬಂತು.

ಇಪ್ಪತ್ತಾರನೆಯವನು ತೋಯ್. ನಗುನಗುತ್ತ ಹೋದ. ಕಿಟಕಿಯ ಕಡೆ ತಿರುಗಿ ಹೆಬ್ಬೆರಳು ತೋರಿಸಿದ. ಕೈ ಹಾಕಿದ, ಚೀಟಿ ತೆಗೆದು ಕೊಟ್ಟ.

“ಕೆಂಪು!”

ಜನ ಓ ಎಂದು ಕೂಗಿದರು, ಅದು ವಾಡಿಕೆ. ತೋಯ್ ತಲೆ ಕೆರೆದುಕೊಂಡ. ಮಾಲಿವನ್ ಅಳಲಿಲ್ಲ, ಕಿರುಚಲಿಲ್ಲ. ಸರಳನ್ನು ಬಿಟ್ಟು, “ನೀರು ಸಿಗುತ್ತಾ ಇಲ್ಲೆಲ್ಲಾದ್ರೂ?” ಎಂದು ಪಕ್ಕದ ಹೆಂಗಸನ್ನು ಕೇಳಿದಳು. ಮೇ ಒಂದನೇ ತಾರೀಕು ಹಾಜರಾಗಬೇಕು ಎಂದು ಮೈಕಿನಲ್ಲಿ ಹೇಳುತ್ತಿದ್ದರು.

ಹೊಸವರ್ಷದ ನೀರಾಟದ ಹಬ್ಬ ಬಂತು, ಹೋಯಿತು. ಊರೆಲ್ಲ ಒಬ್ಬರ ಮೇಲೊಬ್ಬರು ನೀರು ಸುರಿದುಕೊಂಡು ಕುಣಿಯಿತು. ಹಬ್ಬದ ಮರುದಿನ ಅಂಗಡಿ ತೆರೆದಾಗ ಮಾಲಿವನ್ ಗಿರಾಕಿಗಳನ್ನು ಕೆಣಕುವುದು ಬಿಟ್ಟಿದ್ದಳು. ಎರಡು ಮೆಣಸಿನಕಾಯಿ ಅಂದವರಿಗೆ ಎರಡೇ ಹಾಕಿ ಕೊಟ್ಟಳು. ಅದೇ ಗುಮಾಸ್ತ, “ಏನಕ್ಕ, ಇವತ್ತು ಬೈಯೋದೇ ಇಲ್ವಾ?” ಎಂದು ಕೇಳಿದ. ಅವಳು ಅವನ ಮುಖ ನೋಡಿ, “ಮೀನಿನ ರಸ ಬೇಕಾ?” ಎಂದಳು ಅಷ್ಟೇ.

ಗಿರಾಕಿ ಇಲ್ಲದಾಗ ಮಾತ್ರ ಅವಳ ಬಾಯಿ ತೆರೆಯುತ್ತಿತ್ತು.

“ಯಾಕೆ ಅಂತೀಯ ಸುಪಿನ್? ತಾತ ನನ್ನ ಮೇಲೆ ಯಾಕೆ ಮುನಿಸ್ಕೊಂಡ?”

“ಮುನಿಸೇನಿಲ್ಲ ಅಕ್ಕ. ಚೀಟಿ ತಾನೇ.”

“ಇಬ್ಬರ ಹೆಸರೂ ಕೇಳಿಸ್ಕೊಂಡ. ಒಬ್ಬನಿಗೆ ಕೊಟ್ಟ, ಇನ್ನೊಬ್ಬನಿಗೆ ಇಲ್ಲ ಅಂದ. ಏನೋ ಕಂಡಿರ್ಬೇಕು ನನ್ನಲ್ಲಿ.” ಅವಳು ಹುರುಳಿಕಾಯಿ ಮುರಿಯುತ್ತ ತನ್ನ ತಪ್ಪುಗಳನ್ನು ಹುಡುಕುತ್ತಿದ್ದಳು. ಹೋದ ವರ್ಷ ತಾತನ ಊಟಕ್ಕೆ ಅಕ್ಕಿ ಕೊಟ್ಟಿರಲಿಲ್ಲ. ಗಂಡ ಸಾಯುವಾಗ ಅವನ ಮೇಲೆ ರೇಗಿದ್ದಳು. ಅಮ್ಮನಿಗೆ ಒಂದು ದಿನ ‘ಬೇಗ ಹೋಗಬಾರದಾ’ ಅಂದಿದ್ದಳು. “ಅದೇ ಇರ್ಬೇಕು. ಹೆತ್ತವಳಿಗೆ ಹಾಗಂದ್ರೆ ನನ್ನ ಮಗನನ್ನ ಯಾರು ಕಾಯ್ತಾರೆ ಹೇಳು?”

ಸುಪಿನ್ ಹೇಳಿಬಿಡೋಣ ಎಂದು ಹತ್ತು ಸಲ ತಿರುಗಿದಳು. ಹತ್ತು ಸಲವೂ ಬೀಸಣಿಗೆ ಎತ್ತಿಕೊಂಡು ಕೆಂಡಕ್ಕೆ ಗಾಳಿ ಹಾಕಿದಳು. ಅಕ್ಕ ಎದ್ದು ಹೋದರೆ ಆ ಮರದ ಕೆಳಗೆ ತನಗೇನಿದೆ ಎಂಬ ಹೆದರಿಕೆ ಒಂದು ಕಡೆ. ಹರಕೆ ತೀರಿಸದೆ ಉಳಿದರೆ ತಾತ ಎಕ್‌ನನ್ನು ಸುಮ್ಮನೆ ಬಿಡುವುದಿಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ಹಾಗೆ ಮರೆತವನೊಬ್ಬ ಕಬ್ಬಿನ ಲಾರಿಗೆ ಸಿಕ್ಕಿದ್ದನ್ನು ಊರೇ ಕಂಡಿದೆ. ಕೊನೆಗೆ ಒಂದು ಉಪಾಯ ಮಾಡಿದಳು. ಭಾನುವಾರ ಅಂಗಡಿಗೆ ರಜೆ, ಮನೆಯ ಹಿತ್ತಿಲಲ್ಲೇ ಒಂಬತ್ತು ಕೋಳಿ ಸುಟ್ಟು, ಒಬ್ಬಳೇ ಹೋಗಿ ಒಪ್ಪಿಸಿ ಬಂದುಬಿಡುವುದು.

ಆದರೆ ಸುಟ್ಟ ಕೋಳಿಯ ವಾಸನೆಯನ್ನು ಯಾವ ಬೇಲಿ ತಡೆಯುತ್ತದೆ? ಒಂಬತ್ತನೆಯದು ಕೆಂಪಗಾಗುವಷ್ಟರಲ್ಲಿ ಮಾಲಿವನ್ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಸೊಂಟಕ್ಕೆ ಸುತ್ತುವ ಒಗೆದ ಸಿನ್ ಬಟ್ಟೆ ಉಟ್ಟಿದ್ದಳು, ತಲೆ ಬಾಚಿದ್ದಳು, ಕೈಯಲ್ಲಿ ಅಂಟಕ್ಕಿ ಅನ್ನದ ಬುಟ್ಟಿ.

“ನೀನು ಹೀಗೆ ಮಾಡ್ತೀಯ ಅಂತ ಗೊತ್ತಿತ್ತು,” ಎಂದಳು. “ನನಗೆ ಬೇಜಾರಾಗುತ್ತೆ ಅಂತ ಕದ್ದು ಹೋಗ್ತಿದೀಯ. ಅಲ್ವೇ?”

ಸುಪಿನ್ ಬೀಸಣಿಗೆ ಕೆಳಗಿಟ್ಟಳು.

“ಹುಚ್ಚಿ! ಹರಕೆ ಇಬ್ಬರದು. ಅವನು ಅರ್ಧ ಕೊಟ್ಟ ಅಂತ ನಾವು ಅರ್ಧ ಕೊಡೋಕಾಗುತ್ತಾ? ಒಬ್ಬನಾದ್ರೂ ಉಳಿದ್ನಲ್ಲ. ಎಕ್ ನನ್ನ ಮಡಿಲಲ್ಲಿ ಉಚ್ಚೆ ಹೊಯ್ದವನು ಕಣೇ, ಅವನಿಗೇನಾದ್ರೂ ಆದ್ರೆ ನನಗೆ ಆಗಲ್ವಾ?” ಅವಳು ಬಗ್ಗಿ ಕೋಳಿಗಳ ಬಣ್ಣ ನೋಡಿದಳು. “ಚೆನ್ನಾಗಿ ಬಂದಿದೆ. ನಡಿ, ಬಿಸಿ ಇರೋವಾಗ್ಲೇ ಕೊಡೋಣ.”

ಬೇಡ ಅನ್ನಲು ಒಂದು ಕಾರಣವೂ ಸುಪಿನ್‌ಗೆ ಹೊಳೆಯಲಿಲ್ಲ. ಬೈಕಿನ ಮುಂದೆ ಅವಳು, ಹಿಂದೆ ಮಾಲಿವನ್, ನಡುವೆ ಬಾಳೆಲೆ ಮುಚ್ಚಿದ ಬುಟ್ಟಿಯಲ್ಲಿ ಒಂಬತ್ತು ಕೋಳಿ. ದಾರಿಯುದ್ದಕ್ಕೂ ಆ ಬಿಸಿ ಅವಳ ಬೆನ್ನಿಗೆ ತಾಗುತ್ತಿತ್ತು.

ತೋಪಿನಲ್ಲಿ ಮಾಲಿವನ್ ನೆಲ ಗುಡಿಸಿದಳು, ಬಾಳೆಲೆ ಹಾಸಿದಳು, ಕೋಳಿಗಳನ್ನು ತಲೆ ಗುಡಿಯ ಕಡೆ ಮಾಡಿ ಸಾಲಾಗಿ ಇಟ್ಟಳು. ಅನ್ನ, ಚಟ್ನಿ, ಅಕ್ಕಿಯ ಸಾರಾಯಿ, ನೀರು. ಎಲ್ಲ ಮುಗಿದ ಮೇಲೆ ಊದುಬತ್ತಿ ಹಚ್ಚಿ ಸುಪಿನ್ ಕೈಗೆ ಕೊಟ್ಟು ಪಕ್ಕದಲ್ಲೇ ಮಂಡಿಯೂರಿದಳು.

“ಹೇಳು. ಅವತ್ತು ಏನು ಹೇಳಿದ್ಯೋ ಅದನ್ನೇ ಹೇಳು. ಒಂದಕ್ಷರ ಆಚೀಚೆ ಆಗ್ಬಾರ್ದು.”

ಸುಪಿನ್ ಬತ್ತಿಗಳನ್ನು ಹಣೆಗೆತ್ತಿದಳು. ಎರಡು ಹೆಸರು ಹೇಳಿಬಿಟ್ಟರೆ ಅಕ್ಕ ನಂಬುತ್ತಾಳೆ, ಎದ್ದು ಮನೆಗೆ ಹೋಗಬಹುದು. ಅಕ್ಕನಿಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಾಗಿತ್ತು. ಆದರೆ ತಾತ ಕೇಳುತ್ತಿದ್ದಾನೆ. ಹೊರದ ಹರಕೆಯನ್ನು ಹೊತ್ತೆ ಎಂದು ಅವನ ಮುಖದೆದುರೇ ಹೇಳಿದರೆ, ಹೊತ್ತ ಹರಕೆ ತೀರಿದಂತಾಗುವುದಿಲ್ಲ. ಆಗ ಎಕ್‌ನ ಗತಿ? ಅಣ್ಣನ ಮಗನ ಮೊಣಕಾಲು ಕಣ್ಣಮುಂದೆ ಬಂತು. ಹೀಗೆ, ನಿಜ ಹೇಳಿಸಿದ್ದೂ ಅವಳ ಒಳ್ಳೆಯತನವಲ್ಲ, ತೋಯ್ ಹೆಸರನ್ನು ನುಂಗಿಸಿದ ಅದೇ ಭಯ.

“ಎಕ್ಕಪೊನ್ ಬುನ್‌ಮಾತ್, ಮನೆ ನಂಬರು ಐವತ್ತೆರಡು, ನನ್ನ ಮಗ. ಅವನಿಗೆ ಕಪ್ಪು ಚೀಟಿ ಕೊಡು ಅಂತ ಕೇಳಿದ್ದೆ ತಾತ. ನೀನು ಕೊಟ್ಟೆ. ಒಂಬತ್ತು ಕೋಳಿ ತಂದಿದೀನಿ. ಸ್ವೀಕಾರ ಮಾಡು.”

ಬತ್ತಿಗಳನ್ನು ಮಣ್ಣಿಗೆ ಚುಚ್ಚಿದಳು. ಹಣೆ ನೆಲಕ್ಕೆ ಮುಟ್ಟಿಸಿದಳು, ಏಳಲಿಲ್ಲ.

“ಇನ್ನೊಂದು ಹೆಸರು?” ಎಂದಳು ಮಾಲಿವನ್.

ಸುಪಿನ್ ಹಣೆಯನ್ನು ನೆಲಕ್ಕೆ ಇನ್ನಷ್ಟು ಒತ್ತಿದಳು.

“ಸುಪಿನ್. ಇನ್ನೊಂದು ಹೆಸರು ಹೇಳು.”

“ಅವತ್ತು ಹೇಳಲಿಲ್ಲ ಅಕ್ಕ.”

ಮರದ ಮೇಲೆ ಯಾವುದೋ ಹಕ್ಕಿ ಕೂಗುತ್ತಿತ್ತು. ಮಾಲಿವನ್ ಅವಳ ಭುಜ ಹಿಡಿದು ಎತ್ತಿ ಕೂರಿಸಿದಳು.

“ಮರ್ತೆಯಾ?” ಅವಳ ದನಿ ಬಹಳ ಮೆತ್ತಗಿತ್ತು. “ಗಾಬರೀಲಿ ಮರ್ತುಹೋಯ್ತಾ? ಹಾಗಾಗುತ್ತೆ. ಮರ್ತೆ ಅನ್ನು. ಮರ್ತೆ ಅಂದ್ರೆ ನಂಬ್ತೀನಿ ಕಣೇ.”

ಮರೆತೆ ಎನ್ನುವುದು ಎಷ್ಟು ಸುಲಭವಿತ್ತು!

“ಮರೀಲಿಲ್ಲ ಅಕ್ಕ. ಇಬ್ಬರನ್ನ ಕೇಳಿದ್ರೆ ಒಬ್ಬನನ್ನೇ ಕೊಡ್ತಾನೇನೋ ಅಂತ... ಆ ಒಬ್ಬ ಎಕ್ ಆಗ್ದೇ ಇದ್ರೆ ಅಂತ...”

ಮಾಲಿವನ್ ಕೈ ತೆಗೆದಳು. ಸ್ವಲ್ಪ ಹೊತ್ತು ಗುಡಿಯ ಕಡೆ, ಸ್ವಲ್ಪ ಹೊತ್ತು ಕೋಳಿಗಳ ಕಡೆ ನೋಡಿದಳು. ಆಮೇಲೆ ಅವಳ ಬಾಯಿಂದ ಬಂದದ್ದು ನಗುವೋ ಅಳುವೋ ಹೇಳುವುದು ಕಷ್ಟ.

“ಹಾಗಾದ್ರೆ ತಾತ ನನ್ನ ಮಗನನ್ನ ಬೇಡ ಅನ್ಲಿಲ್ಲ.”

“ಇಲ್ಲ ಅಕ್ಕ.”

“ಅವನಿಗೋಸ್ಕರ ಯಾರೂ ಕೇಳ್ಲೇ ಇಲ್ಲ. ಅಷ್ಟೇ.” ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. “ಇಷ್ಟು ದಿನ ನಾನು ಏನು ಪಾಪ ಮಾಡಿದೆ, ಏನು ಪಾಪ ಮಾಡಿದೆ ಅಂತ ಅನ್ನ ನೀರು ಬಿಟ್ಟು ಹುಡುಕಿದೆ. ಸತ್ತ ಗಂಡನ ಹತ್ರ ಕ್ಷಮೆ ಕೇಳ್ದೆ. ಅಮ್ಮನ ಕಾಲಿಗೆ ಬಿದ್ದೆ, ಆ ಮುದುಕಿಗೆ ಯಾಕೆ ಅಂತಾನೇ ಗೊತ್ತಾಗ್ಲಿಲ್ಲ. ನೀನು ಪಕ್ಕದಲ್ಲೇ ಇದ್ಯಲ್ಲೇ!”

“ಅಕ್ಕಾ...”

“ಒಂದು ವರ್ಷಕ್ಕೆ ಹೋಗ್ತೀನಿ ಅಂತ ಅವನು ನಿನ್ನನ್ನ ಕೇಳ್ದ. ನಾನು ಬೇಡ ಅಂದ್ಮೇಲೆ ನಿನ್ನನ್ನ. ಬಾಯಿ ತುಂಬ ಚಿಕ್ಕಮ್ಮ ಅಂದು ಕೇಳ್ದ. ನೀನು ಕೋಳಿ ತಿರುವ್ತಾ ನಿಂತಿದ್ದೆ.” ದನಿ ಏರಿ ಒಡೆಯಿತು. “ಹೆಸರು ಹೇಳ್ದೇ ಇದ್ದಿದ್ದು ಹೋಗ್ಲಿ, ತಾಯಿ ಕರುಳು ಅನ್ಕೋತೀನಿ. ನಾನಾಗಿದ್ರೂ ಏನು ಮಾಡ್ತಿದ್ದೆನೋ ಯಾರಿಗೆ ಗೊತ್ತು. ಆದ್ರೆ ಆ ಒಂದು ವರ್ಷ, ಸುಪಿನ್! ಆ ಒಂದು ವರ್ಷ ನಿನ್ನ ಕೈಯಲ್ಲಿತ್ತು.”

ಸುಪಿನ್ ತಡಬಡಿಸಿ ಉಳಿದ ಊದುಬತ್ತಿಗಳನ್ನು ಎತ್ತಿಕೊಂಡಳು. “ಈಗ ಹೇಳ್ತೀನಿ ಅಕ್ಕ. ಅವನು ಕ್ಷೇಮವಾಗಿ ವಾಪಸು ಬರ್ಲಿ ಅಂತ ಹರಕೆ ಹೊರ್ತೀನಿ. ಐವತ್ತು ಕೋಳಿ, ನೂರು ಕೋಳಿ ಕೊಡ್ತೀನಿ. ವೀರಯುತ್ ಸೀ...”

ಮಾಲಿವನ್ ಅವಳ ಬಾಯಿಯ ಮೇಲೆ ಕೈಯಿಟ್ಟಳು. ಹೊಡೆಯಲಿಲ್ಲ, ಒತ್ತಿ ಹಿಡಿದಳು. ಆ ಕೈಗೆ ಹುಳಿ, ಬೆಳ್ಳುಳ್ಳಿ, ಮೀನಿನ ರಸದ ವಾಸನೆ.

“ಬೇಡ. ನನ್ನ ಮಗನ ಹೆಸರು ನಿನ್ನ ಬಾಯಲ್ಲಿ ಬೇಡ.”

ಬತ್ತಿಗಳನ್ನು ಅವಳ ಕೈಯಿಂದ ಬಿಡಿಸಿಕೊಂಡು ತಾನೇ ಹಚ್ಚಿದಳು. ತಾನೇ ಮುಂದೆ ಸರಿದು ಕೂತು, ಗುಡಿಯ ಕಡೆ ಮುಖ ಮಾಡಿ, ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದಳು. ವೀರಯುತ್ ಸೀಹಾವೊಂಗ್, ಮನೆ ನಂಬರು ನಲವತ್ತೇಳು, ತಂದೆ ತೀರಿಕೊಂಡಿದ್ದಾನೆ, ತಾಯಿ ಮಾಲಿವನ್. ಎರಡು ವರ್ಷ. ಎರಡು ಕಾಲಿನ ಮೇಲೆ ನಡೆದುಕೊಂಡು ಮನೆಗೆ ಬರಲಿ. ಏನು ಕೊಡುತ್ತೇನೆಂದು ಅವಳು ಹೇಳಲಿಲ್ಲ, ಅಥವಾ ಸುಪಿನ್‌ಗೆ ಕೇಳಿಸದಷ್ಟು ಮೆಲ್ಲಗೆ ಹೇಳಿಕೊಂಡಳು.

ಬತ್ತಿ ಪೂರ್ತಿ ಉರಿಯುವವರೆಗೆ ಇಬ್ಬರೂ ಕೂತಿದ್ದರು. ಆಮೇಲೆ ಪ್ರಸಾದ ಬೇಡಿಕೊಂಡು ಅಲ್ಲೇ ತಿನ್ನಬೇಕು, ತಿನ್ನದೆ ಎದ್ದರೆ ತಾತನಿಗೆ ಅವಮಾನ. ಮಾಲಿವನ್ ಒಂದು ಕೋಳಿಯನ್ನು ಬಿದಿರಿನಿಂದ ಬಿಡಿಸಿ, ಎರಡು ಹೋಳು ಮಾಡಿ, ಒಂದನ್ನು ಸುಪಿನ್ ಮುಂದೆ ಎಲೆಯ ಮೇಲೆ ಇಟ್ಟಳು. ಮುಖ ನೋಡಲಿಲ್ಲ. ಸುಪಿನ್ ಒಂದು ತುಂಡು ಕಿತ್ತು ಬಾಯಿಗಿಟ್ಟಳು. ಚರ್ಮ ಕರುಂ ಎಂದಿತು, ಕೊಬ್ಬು ಕರಗಿ ನಾಲಿಗೆಗೆ ಇಳಿಯಿತು. ಹದಿನಾಲ್ಕು ವರ್ಷದಲ್ಲಿ ಇಷ್ಟು ಚೆನ್ನಾಗಿ ಅವಳು ಕೋಳಿ ಸುಟ್ಟಿರಲಿಲ್ಲ. ರುಚಿ ಗೊತ್ತಾಗುತ್ತಿತ್ತು, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಅಗಿಯುತ್ತ ಅಗಿಯುತ್ತ ಬಿಕ್ಕಿದಳು.

ಮಾಲಿವನ್ ತನ್ನ ಪಾಲು ತಿಂದು ಮುಗಿಸಿದಳು, ಮೂಳೆ ಎಲೆಯಲ್ಲಿ ಮಡಚಿದಳು. ಉಳಿದವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕೋಳಿಯನ್ನು ಆರಿಸಿ, ಬಾಳೆಲೆಯಲ್ಲಿ ಸುತ್ತಿ, ಎದೆಗವಚಿಕೊಂಡು ಎದ್ದಳು. ಬೈಕಿನ ಕಡೆ ಹೋಗದೆ ಗದ್ದೆಯ ಬದುವಿನ ದಾರಿ ಹಿಡಿದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು.

“ಇದು ತೋಯ್‌ಗೆ,” ಎಂದಳು. “ಅವನಿಗೋಸ್ಕರ ಸುಟ್ಟಿದ್ದಲ್ಲ ಅಂತ ನಾನು ಅವನಿಗೆ ಹೇಳಲ್ಲ.”